ಮೂರು ದಿನದ ಮೂರ್ಕಾಕ್

ಈ ಪ್ರಬಂಧ ಬರೆಯಲು ಕೂತು ಇವತ್ತಿಗೆ ಮೂರು ದಿನ. ಶೀರ್ಷಿಕೆ ಆಗಿದೆ. ಅದೂ ಎರಡು ಸಲ ಬದಲಾಗಿದೆ. ಇಷ್ಟೇ ಹೊತ್ತಿನಲ್ಲಿ 1960ರ ದಶಕದ ಲಂಡನ್ನಿನಲ್ಲಿ ಇಂಗ್ಲಿಷ್ ಲೇಖಕ ಮೈಕೆಲ್ ಮೂರ್ಕಾಕ್ 60,000 ಪದಗಳ ಕಾದಂಬರಿಯೊಂದನ್ನು ಮುಗಿಸಿ ಏಳುತ್ತಿದ್ದರಂತೆ. ಹೆಸರಿನಲ್ಲೇ ‘ಮೂರು’ ಇರುವವರ ಮಾತು ಬೇರೆ ಬಿಡಿ.

ಮೈಮೇಲೆ ದೇವರು ಬಂದು ಬರೆಸಿದ್ದಾದರೆ, ನನಗೆ ಬರಲಿಲ್ಲವೆಂದು ಸುಮ್ಮನಾಗಬಹುದಿತ್ತು. ಹಾಗಲ್ಲ ಎನ್ನುವುದೇ ಹೊಟ್ಟೆಯುರಿಯ ಸಂಗತಿ. ಮದುವೆಮನೆಯ ಅಡುಗೆ ಭಟ್ಟರು ಒಲೆ ಹಚ್ಚುವ ಮುಂಚೆಯೇ ಹೋಳು ಹೆಚ್ಚಿ, ಕಾಯಿ ತುರಿದು, ಮಸಾಲೆ ಅರೆದಿಟ್ಟುಕೊಳ್ಳುತ್ತಾರಲ್ಲ, ಈ ಮನುಷ್ಯನದೂ ಅದೇ ಕಸುಬು. ವಿಚಿತ್ರ ವಸ್ತು, ವಿಚಿತ್ರ ದೃಶ್ಯಗಳ ಪಟ್ಟಿ ಮೊದಲೇ ಸಿದ್ಧ. ಕಾದಂಬರಿಗೆ ನಾಲ್ಕು ಭಾಗ, ಭಾಗಕ್ಕೆ ಆರು ಅಧ್ಯಾಯ. ನಾಯಕನಿಗೆ ಮಾತ್ರ ಎಂದೂ ಸಮಯ ಸಾಲಕೂಡದು. ಲೋಕ ಉಳಿಸಲು ಇನ್ನು ಆರೇ ದಿನ ಎಂದರೆ ಅವನೂ ಓಡುತ್ತಾನೆ, ಓದುಗನೂ ಓಡುತ್ತಾನೆ. ಬರೆಯುವವನಿಗಂತೂ ಅದರಲ್ಲಿ ಅರ್ಧ!

ಇಷ್ಟೆಲ್ಲ ಓಟ ಯಾಕೆಂದರೆ, 1964ರಲ್ಲಿ ಅವರು ವೈಜ್ಞಾನಿಕ ಕಥೆಗಳ ‘ನ್ಯೂ ವರ್ಲ್ಡ್ಸ್’ ಪತ್ರಿಕೆಯ ಸಂಪಾದಕರಾದರು. ಜೆ. ಜಿ. ಬ್ಯಾಲಾರ್ಡ್‌ರಂಥ ಲೇಖಕರ ಪ್ರಯೋಗಗಳಿಗೆ ಜಾಗ ಕೊಟ್ಟ ಪತ್ರಿಕೆ. ಹೆಸರು ಬಂತು, ಹಣ ಬರಲಿಲ್ಲ. ಸಾಹಿತ್ಯ ಪತ್ರಿಕೆ ನಡೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಬಿಳಿಯಾನೆಗೆ ಮೇವು ಹಾಕಿದ್ದು ಕತ್ತಿ-ಮಾಟಗಳ ಕಾದಂಬರಿಗಳು. ‘ಹಾಕ್‌ಮೂನ್’ ಸರಣಿಯಲ್ಲಿ ಯುರೋಪನ್ನು ನುಂಗಹೊರಟ ದುಷ್ಟ ಸಾಮ್ರಾಜ್ಯದ ಹೆಸರು ಗ್ರಾನ್‌ಬ್ರೆಟನ್, ಅಂದರೆ ಸಾಕ್ಷಾತ್ ಅವರದೇ ದೇಶ. ಅದರ ಪುರಾತನ ದೇವರುಗಳು ಜೋನ್, ಜೋರ್ಗ್, ಫೌಲ್, ರುಂಗಾ. ಬೀಟಲ್ಸ್ ಹಾಡು ಕೇಳಿದವರಿಗೆ ಭಕ್ತಿ ಉಕ್ಕದಿದ್ದರೂ ನಗು ಉಕ್ಕುತ್ತದೆ.

ಅವರ ನಾಯಕರಲ್ಲಿ ನನಗೆ ಪ್ರಿಯನಾದವನು 1961ರಲ್ಲಿ ಹುಟ್ಟಿದ ಎಲ್ರಿಕ್. ದೊರೆಯೇನೋ ಹೌದು, ಆದರೆ ರೋಗಿಷ್ಠ. ಸುಣ್ಣದಂಥ ಮೈ, ಕೆಂಪು ಕಣ್ಣು. ಅವನ ಕರಿ ಕತ್ತಿ ಕೊಂದವರ ಆತ್ಮ ಹೀರಿ ಅವನಿಗೆ ಬಲ ತುಂಬುತ್ತದೆ; ಹಸಿವಾದರೆ ಅವನಿಗೆ ಬೇಕಾದವರನ್ನೂ ಬಿಡುವುದಿಲ್ಲ. ಮೂರು ವರ್ಷದ ಬಳಿಕ ಪತ್ರಿಕೆ ಕೈಗೆ ಬಂದಾಗ ಮೂರ್ಕಾಕರಿಗೆ ಈ ಕತ್ತಿಯ ನೆನಪಾಗಿರಬೇಕು.

ಅವರದೇ 1988ರ ಕಾದಂಬರಿ ‘ಮದರ್ ಲಂಡನ್’ನಲ್ಲಿ ಕತ್ತಿ ಇಲ್ಲ. ಬಾಂಬು ಬಿದ್ದ ಊರಿನ ಮನಸ್ಸಿನ ಗುಜುಗುಜು ಕೇಳಿಸಿಕೊಳ್ಳುವ ಮಂದಿ ಇದ್ದಾರೆ. ಅದನ್ನು ಓಡುತ್ತ ಓದಲಾಗದು.

ನಿನ್ನೆ ನಾನೂ ಪಟ್ಟಿ ಮಾಡಿದೆ: ಬೆವರುವ ಕನ್ನಡಿ, ಹಾಡುವ ಸೇತುವೆ. ಸಂಜೆ ನೋಡಿದರೆ ಕೆಳಗೆ ಬೇರೆ ಕೈಬರಹದಲ್ಲಿ, ‘ತೊಗರಿಬೇಳೆ, 2 ಕೆಜಿ’. ಅಂಗಡಿ ಮುಚ್ಚಲು ಇನ್ನು ಹತ್ತೇ ನಿಮಿಷ. ಓಡಿದೆ.