ಪ್ರಾತಃಕಂಪ ನಿದಾನ

ಇನ್ನು ಪ್ರಾತಃಕಂಪದ ನಿದಾನವನ್ನು ವಿವರಿಸಲಾಗುವುದು. ರಾತ್ರಿಯೆಲ್ಲ ನಿಂತಿದ್ದ ಪೆಟ್ರೋಲ್ ಕಾರು ಬೆಳಗ್ಗೆ ಸ್ಟಾರ್ಟ್ ಆದೊಡನೆ ಗಡಗಡ ನಡುಗುವುದು, ಆರ್‌ಪಿಎಂ ಮುಳ್ಳು ಏರಿ ಇಳಿಯುವುದು, ಮೊದಲ ತಿರುವಿನಲ್ಲೇ ಆಫ್ ಆಗುವುದು, ಆಮೇಲೆ ಬಿಸಿಯೇರಿದಂತೆ ಪರಮಸಾಧುವಾಗುವುದು: ಇವು ಲಕ್ಷಣಗಳು. ಲೋಕದಲ್ಲಿ ಇದನ್ನು ‘ಮಿಸ್ಸಿಂಗ್ ಹೊಡೀತಿದೆ’ ಎನ್ನುತ್ತಾರೆ.

ರೋಗವಲ್ಲದ್ದನ್ನು ಮೊದಲು ಬೇರ್ಪಡಿಸಬೇಕು. ತಣ್ಣಗಿರುವ ಎಂಜಿನ್ 1,200 ಆರ್‌ಪಿಎಂ ಆಸುಪಾಸಿನಲ್ಲಿ ತಿರುಗಿ, ಬಿಸಿಯಾದಂತೆ 800ರ ಹತ್ತಿರಕ್ಕೆ ಇಳಿಯುವುದು ಪ್ರಕೃತಿ. ಮೂರು ಸಿಲಿಂಡರಿನ ಕಾರು ಸದಾ ಕೊಂಚ ಅದುರುವುದೂ ಪ್ರಕೃತಿಯೇ. ಹುಟ್ಟುಗುಣಕ್ಕೆ ಮದ್ದಿಲ್ಲ.

ಸಂಪ್ರಾಪ್ತಿ, ಎಂದರೆ ರೋಗ ಮೈಗೂಡುವ ಬಗೆ, ಹೀಗಿದೆ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಆದರೆ ತಣ್ಣನೆಯ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಆ ನಷ್ಟ ತುಂಬಲು ಹೆಚ್ಚು ಪೆಟ್ರೋಲ್ ಕೊಡಬೇಕು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಚೋಕ್ ಎಳೆದು ಚಾಲಕನೇ ಈ ಲೆಕ್ಕ ನೋಡಿಕೊಳ್ಳುತ್ತಿದ್ದ. ಈಗ ಇಸಿಯು ಎಂಬ ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹೊಗೆ ಮೂಸಿ ವರದಿ ಕೊಡುವ ಆಕ್ಸಿಜನ್ ಸೆನ್ಸರ್ ಕಾದು ಎಚ್ಚರವಾಗುವವರೆಗೆ ಇಸಿಯುವಿನದ್ದು ಬರೀ ಅಂದಾಜು. ಎಂಜಿನ್‌ನ ಸಣ್ಣ ಪಾಪಗಳೆಲ್ಲ ಬಯಲಾಗುವುದು ಆ ಅವಧಿಯಲ್ಲೇ.

ಭೇದಗಳು ಐದು.

ಒಂದು, ವಾತಜ. ಇದರಲ್ಲಿ ಎರಡು ಪ್ರಕಾರ. ಥ್ರಾಟಲ್ ಬಾಡಿಯಲ್ಲಿ ಕರಿ ಕಟ್ಟಿ ಗಾಳಿ ಬರದಿರುವುದು ನಿರೋಧ. ಸೆಟೆದು ಬಿರಿದ ವ್ಯಾಕ್ಯೂಮ್ ಪೈಪಿನಿಂದಲೋ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುವುದು ಚೋರವಾತ. ಚಳಿಗೆ ಕುಗ್ಗಿ ಸಂದು ಬಿಟ್ಟ ಗ್ಯಾಸ್ಕೆಟ್ ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುವುದರಿಂದ ಈ ಕಳ್ಳ ಹೊತ್ತೇರಿದ ಮೇಲೆ ಸಿಗುವುದಿಲ್ಲ. ಎಂಜಿನ್ ತಣ್ಣಗಿರುವಾಗಲೇ, ಇಗ್ನಿಷನ್ ಕಾಯಿಲ್‌ಗಳಿಗೆ ತಾಗದಂತೆ, ಗ್ಯಾಸ್ಕೆಟ್ಟಿನ ಅಂಚಿಗೂ ಪೈಪಿನ ಬುಡಗಳಿಗೂ ಸ್ಪ್ರೇ ಬಾಟಲಿಯಿಂದ ನೀರು ಚಿಮುಕಿಸಬೇಕು. ಎಲ್ಲಿ ಬಿದ್ದಾಗ ನಡುಕದ ಲಯ ಒಂದು ಕ್ಷಣ ಬದಲಾಗುತ್ತದೋ ಅಲ್ಲಿದೆ ಕನ್ನ. ಕಾರ್ಬ್ ಕ್ಲೀನರ್ ಹೊಡೆಯುವ ಸಂಪ್ರದಾಯವೂ ಉಂಟು. ಅದು ಬೆಂಕಿ ಹೊತ್ತುವ ಪದಾರ್ಥವಾದ್ದರಿಂದ ನೀರೇ ಶ್ರೇಷ್ಠ.

ಎರಡು, ಪಿತ್ತಜ. ಅಗ್ನಿಮಾಂದ್ಯ ಎಂದರೂ ಸರಿ. ಪ್ಲಗ್ ಸವೆದು ಗ್ಯಾಪ್ ಹೆಚ್ಚಿರುತ್ತದೆ, ಇಲ್ಲವೇ ಕಾಯಿಲ್ ಸೋತಿರುತ್ತದೆ. ಮದ್ದು ಕೊಟ್ಟು ರೋಗ ಕಂಡುಹಿಡಿಯುವ ಉಪಶಯ ವಿಧಾನ ಇಲ್ಲಿ ಬಲು ಉಪಯುಕ್ತ. ದೋಷದ ಕೋಡ್ ಓದುವ ಸ್ಕ್ಯಾನರ್ ಪಿ0302 ಎಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್. ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ ನೋಡಬೇಕು. ಕೋಡ್ ಪಿ0303 ಆದರೆ ಕಾಯಿಲೇ ಅಪರಾಧಿ. ಬದಲಾಗದಿದ್ದರೆ ಅದು ನಿರಪರಾಧಿ, ಹೊಸದು ಕೊಳ್ಳುವುದು ದಂಡ.

ಮೂರು, ಕಫಜ. ದ್ರವದೋಷ. ಇಂಜೆಕ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಕಡಿಮೆ. ರಾತ್ರಿಯೆಲ್ಲ ತೊಟ್ಟಿಕ್ಕಿದರೆ ಅತಿ. ಬೆಳಗ್ಗೆ ಸೆಲ್ಫ್ ಹೆಚ್ಚು ಹೊತ್ತು ಎಳೆಯುವುದು, ಪೆಟ್ರೋಲ್ ವಾಸನೆ, ಬಿಚ್ಚಿದ ಪ್ಲಗ್ ಕಪ್ಪಾಗಿ ಒದ್ದೆಯಾಗಿರುವುದು ಅತಿಯ ಗುರುತುಗಳು.

ನಾಲ್ಕು, ಪ್ರಜ್ಞಾಪರಾಧಜ. ಮೈಯೆಲ್ಲ ನೆಟ್ಟಗಿದ್ದು ಬುದ್ಧಿ ಕೆಟ್ಟಿರುವುದು. ಕೂಲಂಟ್ ಸೆನ್ಸರ್ ಸುಳ್ಳು ಹೇಳಿದರೆ ಇಸಿಯು ತಣ್ಣನೆಯ ಎಂಜಿನ್ನನ್ನು ಬಿಸಿಯೆಂದು ನಂಬಿ ಪೆಟ್ರೋಲ್ ಕಡಿತಗೊಳಿಸುತ್ತದೆ. ಹಲವು ಕಾರುಗಳ ಸೆನ್ಸರ್ 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80 ಡಿಗ್ರಿಯಲ್ಲಿ ಸುಮಾರು 300 ಓಮ್ ತೋರಿಸುತ್ತದೆ. ಓಮ್ ಅಳೆಯುವುದಕ್ಕಿಂತ ಸುಲಭದ ಸತ್ಯಪರೀಕ್ಷೆಯೂ ಇದೆ: ರಾತ್ರಿ ನಿಂತ ಕಾರಿನಲ್ಲಿ, ಸ್ಟಾರ್ಟ್ ಮಾಡುವ ಮೊದಲು, ಸ್ಕ್ಯಾನರ್‌ನಲ್ಲಿ ಕೂಲಂಟ್ ಉಷ್ಣತೆಯೂ ಒಳಬರುವ ಗಾಳಿಯ ಉಷ್ಣತೆಯೂ ಹೆಚ್ಚುಕಮ್ಮಿ ಒಂದೇ ಇರಬೇಕು.

ಐದು, ಆಗಂತುಕ. ಹೊರಗಿನಿಂದ ಬಂದದ್ದು, ಅಂದರೆ ಇಲಿ. ಬಾನೆಟ್ ಎತ್ತಿದರೆ ಕಡಿದ ವೈರೂ ಪಕ್ಕದಲ್ಲೇ ಹಿಕ್ಕೆಯೂ ಕಾಣುವುದರಿಂದ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಪೂರ್ವಪಕ್ಷ: ಎಲ್ಲಕ್ಕೂ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಕಾರಣ. ಸಿದ್ಧಾಂತ: ಎಥೆನಾಲ್ ಆವಿಯಾಗಲು ಹೆಚ್ಚು ಶಾಖ ಬೇಡುತ್ತದೆಂಬುದು ದಿಟ. ಆದರೆ ಅದೇ ಬಂಕಿನಲ್ಲಿ ಹಾಕಿಸಿಕೊಂಡ ಪಕ್ಕದ ಮನೆಯ ಅದೇ ಮಾಡೆಲ್ ನಡುಗದೆ ನಿಂತಿದ್ದರೆ ಎಥೆನಾಲನ್ನು ಬೈದು ಫಲವಿಲ್ಲ.

ಸಾಧ್ಯಾಸಾಧ್ಯ ವಿಚಾರ. ಕರಿ, ಪ್ಲಗ್, ಪೈಪು ಸುಖಸಾಧ್ಯ. ಗ್ಯಾಸ್ಕೆಟ್, ಇಂಜೆಕ್ಟರ್ ಕಷ್ಟಸಾಧ್ಯ. ಇವೆಲ್ಲ ಸರಿಯಿದ್ದೂ ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲದಿದ್ದರೆ ಅದು ಶಸ್ತ್ರಚಿಕಿತ್ಸೆ. ಎಂಜಿನ್ ಬಿಚ್ಚದೆ ಗತ್ಯಂತರವಿಲ್ಲ.

ಇನ್ನು ವೈದ್ಯರ ದೊಡ್ಡ ಸಂಕಟ. ರೋಗಿ ಆಸ್ಪತ್ರೆಗೆ ನಡೆದು ಬರುವಷ್ಟರಲ್ಲಿ ವಾಸಿಯಾಗಿರುತ್ತಾನೆ. ಗ್ಯಾರೇಜಿನ ಗೇಟಿನಲ್ಲಿ ವೀಣೆಯಂತೆ ನುಡಿಯುವ ಎಂಜಿನ್ ಮುಂದೆ ಮಾಲೀಕ ‘ಅಣ್ಣಾ, ಬೆಳಗ್ಗೆ ನೋಡಬೇಕಿತ್ತು’ ಎನ್ನುತ್ತಾನೆ. ಮೆಕ್ಯಾನಿಕ್ ‘ಪ್ಲಗ್ ಹಾಕಿಬಿಡೋಣ ಬಿಡಿ ಸಾರ್’ ಎನ್ನುತ್ತಾನೆ. ಅನಗತ್ಯ ಬಿಲ್ಲುಗಳೆಲ್ಲ ಹುಟ್ಟುವುದು ಈ ಸಂವಾದದಲ್ಲಿ. ಆದ್ದರಿಂದ ವಿಧಿ: ಹಿಂದಿನ ಸಂಜೆಯೇ ಕಾರನ್ನು ಗ್ಯಾರೇಜಿನಲ್ಲಿ ಬಿಡಬೇಕು, ಬೆಳಗ್ಗೆ ಮೊದಲ ಸ್ಟಾರ್ಟ್ ಮೆಕ್ಯಾನಿಕ್ ಕೈಯಿಂದಲೇ ಆಗಬೇಕು.

ಫಲಶ್ರುತಿ: ಹೀಗೆ ಮಾಡಿದವನಿಗೆ ಹತ್ತು ಸೆಂಟಿಮೀಟರ್ ರಬ್ಬರ್ ಪೈಪಿನ ಖರ್ಚಿನಲ್ಲೇ ರೋಗಮುಕ್ತಿ ಲಭಿಸಬಹುದು. ಬಿಸಿ ಕಾರು ತಂದವನಿಗೆ ನಾಲ್ಕು ಹೊಸ ಪ್ಲಗ್ಗು, ಒಂದು ಕಾಯಿಲು, ಮತ್ತು ಮರುದಿನ ಬೆಳಗ್ಗೆ ಅದೇ ನಡುಕ.