ಬ್ಯಾಟರಿ ವಿಚ್ಛೇದ ಮೀಮಾಂಸೆ

ಮಾಸ್ತಿಯವರ ‘ಕಾಕನಕೋಟೆ’ ನಾಟಕದಲ್ಲಿ ಕಾರಿನ ಬ್ಯಾಟರಿಯ ಪ್ರಸ್ತಾಪ ಎಲ್ಲಿಯೂ ಬರುವುದಿಲ್ಲ. ಈ ಮೌನದ ಬಗ್ಗೆ ವಿಮರ್ಶಕರೂ ಮೌನ ತಾಳಿರುವುದರಿಂದ ಪ್ರಸ್ತುತ ಪ್ರಬಂಧ ಅನಿವಾರ್ಯವಾಯಿತು. ಅಧ್ಯಯನದ ವ್ಯಾಪ್ತಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಕಾಕನಕೋಟೆಯ ಕಾಡಿರುವ ಎಚ್.ಡಿ. ಕೋಟೆ. ಅಂಬಾಸಿಡರ್, ಪದ್ಮಿನಿಗಳ ಕಾರ್ಬುರೇಟರ್ ಯುಗವನ್ನು ಕೈಬಿಡಲಾಗಿದೆ. ಆ ಗಾಡಿಗಳಿಗೆ ಮರೆಯಲು ನೆನಪೇ ಇರಲಿಲ್ಲ.

ನಿಂತ ಕಾರಿನ ಬ್ಯಾಟರಿ ಇಳಿಯುವ ಸಮಸ್ಯೆಯ ಮೂಲ ಹೊಗೆಸೊಪ್ಪಿನಲ್ಲಿದೆ. ಹರಾಜಿನಲ್ಲಿ ವರ್ಜೀನಿಯಾ ತಂಬಾಕಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಮನೆಗೆ ಕಾರು ಬರುತ್ತದೆ. ಓಡಿಸಬೇಕಾದ ಮಗ ಬೆಂಗಳೂರಿನಲ್ಲಿ. ಹೀಗಾಗಿ ಕಾರು ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿನ ನೆರಳಿನಲ್ಲಿ, ಹಳೇ ಸೀರೆ ಹೊದ್ದು, ಮುಂದಿನ ಮದುವೆಗೋ ಜಾತ್ರೆಗೋ ಕಾಯುತ್ತದೆ. ಕಾಯುವಾಗಲೂ ಅದರ ಕಂಪ್ಯೂಟರು, ಗಡಿಯಾರ, ಅಲಾರಂ ಎಲ್ಲ ಸೇರಿ ಬ್ಯಾಟರಿಯಿಂದ ಸುಮಾರು 50 ಮಿಲಿಆಂಪಿಯರ್ ತನಕ ಸದ್ದಿಲ್ಲದೆ ಹೀರುತ್ತವೆ. ದಿನಕ್ಕೆ 1.2 ಆಂಪಿಯರ್ ಅವರ್. ಸಣ್ಣ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿಯನ್ನು ಇದರಿಂದ ಭಾಗಿಸಿದರೆ 29 ಚಿಲ್ಲರೆ ದಿನ, ಅಂದರೆ ಹೆಚ್ಚುಕಡಿಮೆ ಒಂದು ಚಾಂದ್ರಮಾಸ! ಬ್ಯಾಟರಿಯು ಪಂಚಾಂಗಕ್ಕೆ ಬದ್ಧವಾದ ವಸ್ತು ಎಂಬುದು ಇಷ್ಟಕ್ಕೇ ಸಿದ್ಧವಾದಂತೆ. ಪೂರ್ತಿ ಬರಿದಾಗುವ ಮೊದಲೇ ಸ್ಟಾರ್ಟರ್ ಮುಷ್ಕರ ಹೂಡುವುದರಿಂದ, ಬ್ಯಾಟರಿ ಹಳೆಯದಾಗಿದ್ದರೆ ಅಮಾವಾಸ್ಯೆಗೆ ನಿಲ್ಲಿಸಿದ ಗಾಡಿ ಹುಣ್ಣಿಮೆಗೇ ಸೆಲ್ಫ್ ಎತ್ತುವುದಿಲ್ಲ.

ಇದಕ್ಕೆ ಲಾರಿಯವರು ಹಿಂದಿನಿಂದಲೂ ಬಲ್ಲ ಮದ್ದು ಕಟಾಫ್ ಸ್ವಿಚ್ಚು. ಬ್ಯಾಟರಿಯ ನೆಗೆಟಿವ್ ತಂತಿಯ ನಡುವೆ ಕೂರಿಸಿ ತಿರುಗಿಸಿದರೆ ಸಂಬಂಧವೇ ಕಡಿಯಿತು. ಆದರೆ ಕಂಪ್ಯೂಟರಿನ ಗತಿ?

ಇಲ್ಲಿ ಆನೆಯ ಸಾಕ್ಷ್ಯ ಪಡೆಯುವುದು ಉಚಿತ. 1971ರಲ್ಲಿ ನಡೆದ, ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾದವರೆಗೆ, ಕಾಕನಕೋಟೆಯಲ್ಲಿ ಕಬಿನಿ ಹೊಳೆ ದಾಟಿಸಿ ಹಿಂಡನ್ನು ಒಳಗಟ್ಟಿ ಗೇಟು ಬೀಳಿಸಿದರೂ ಆನೆ ತನ್ನ ಕಾಡನ್ನು ಮರೆತ ವರದಿಯಿಲ್ಲ. ಕಾರಿನ ಕಂಪ್ಯೂಟರಿಗೆ ಆ ಗಾಂಭೀರ್ಯವಿಲ್ಲ. ಕರೆಂಟು ತಪ್ಪಿದ ಕೂಡಲೇ ಅದು ಐಡ್ಲಿಂಗ್ ಎಷ್ಟಿರಬೇಕು, ಈ ಎಂಜಿನ್ನಿಗೆ ಪೆಟ್ರೋಲು ಒಂದು ಚೂರು ಜಾಸ್ತಿ ಬೇಕೋ ಕಮ್ಮಿ ಸಾಕೋ ಎಂದು ತಿಂಗಳುಗಟ್ಟಲೆ ಕಲಿತದ್ದನ್ನು ಬಿಟ್ಟುಕೊಡಬಹುದು. ರೇಡಿಯೋ ಸ್ಟೇಷನ್ನುಗಳು ಹೋಗುತ್ತವೆ. ಒಂದೇ ಒತ್ತಿಗೆ ಮೇಲೇರುತ್ತಿದ್ದ ಕಿಟಕಿ ಗಾಜು ಅರ್ಧಕ್ಕೆ ನಿಂತು ಮುಖ ನೋಡುತ್ತದೆ. ಓಡಿದ ಕಿಲೋಮೀಟರು ಮತ್ತು ಬೀಗದ ಕೈಯ ಗುರುತು ಮಾತ್ರ ಬೇರೆ ಬಗೆಯ ಮೆಮೊರಿಯಲ್ಲಿರುವುದರಿಂದ ಅಳಿಯುವುದಿಲ್ಲ. ಮೀಟರನ್ನು ಸೊನ್ನೆಗೆ ತರುವ ಆಸೆಯಿಂದ ಈ ಪ್ರಬಂಧ ಓದುತ್ತಿರುವವರು ಇಲ್ಲಿಗೇ ನಿಲ್ಲಿಸಬಹುದು.

ಈ ಮರೆವು ಮರಣವಲ್ಲ ಎಂಬುದು ವೈರಿಂಗ್ ಅಂಗಡಿಗಳ ಶ್ರುತಿವಾಕ್ಯ: “ಕಂಪ್ಯೂಟ್ರು ಸತ್ತೋಗಕಿಲ್ಲ ಸಾ, ಒಸಿ ದೂರ ಓಡ್ಸಿ, ತಾನೇ ಕಲ್ತ್ಕತದೆ.” ಶಾಸ್ತ್ರವೂ ಇದನ್ನೇ ಹೇಳುತ್ತದೆ, ಹೆಚ್ಚು ಪುಟಗಳಲ್ಲಿ.

ಈ ವಿಷಯದಲ್ಲಿ ಮತಗಳು ಮೂರು. ಬ್ಯಾಟರಿ, ಕಂಪ್ಯೂಟರು ಒಂದೇ, ಬೇರ್ಪಡಿಸುವುದೇ ಭ್ರಮೆ ಎಂದು ಅದ್ವೈತಿಗಳು; ಇವರ ಗಾಡಿಯನ್ನು ಊರವರು ತಳ್ಳುತ್ತಾರೆ. ಎರಡೂ ಬೇರೆ, ಪೂರ್ತಿ ಕಡಿ ಎಂದು ದ್ವೈತಿಗಳು. ರಾಮಾನುಜಾಚಾರ್ಯರು ಬಂದಿದ್ದರೆಂಬ ಪ್ರತೀತಿಯಿರುವ ಸಾಲಿಗ್ರಾಮ ಕೆ.ಆರ್. ನಗರದ ಸೀಮೆಯಲ್ಲೇ ಇರುವುದರಿಂದಲೋ ಏನೋ, ಮೂರನೆಯದು ವಿಶಿಷ್ಟಾದ್ವೈತ. ಸ್ವಿಚ್ಚಿನ ಎರಡು ತುದಿಗಳಿಗೂ ಅಡ್ಡಲಾಗಿ ಒಂದು ಸಣ್ಣ ವೈರು, ಅದರ ನಡುವೆ 5 ಅಥವಾ 10 ಆಂಪಿಯರ್ ಫ್ಯೂಸು. ದೊಡ್ಡ ಕರೆಂಟು ಬಂದ್, ಕಂಪ್ಯೂಟರಿಗೆ ಬೇಕಾದ ಗುಟುಕು ಮಾತ್ರ ಸಲೀಸು.

ಪೂರ್ವಪಕ್ಷ: ಯಾವ 50 ಮಿಲಿಆಂಪಿಯರ್ ತಡೆಯಲು ಸ್ವಿಚ್ಚು ಹಾಕಿದೆವೋ ಅದನ್ನೇ ಹಿಂಬಾಗಿಲಿನಿಂದ ಬಿಟ್ಟುಕೊಂಡ ಹಾಗಾಯಿತಲ್ಲ?

ಆಯಿತು. ಪ್ರಬಂಧಕಾರನಿಗೆ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಉತ್ತರವೇ ಇಲ್ಲ. ಈ ಏರ್ಪಾಟು ಕಳ್ಳನಿಗೂ ಶಾರ್ಟ್ ಸರ್ಕ್ಯೂಟಿಗೂ ಮದ್ದೇ ಹೊರತು ಬ್ಯಾಟರಿ ಇಳಿಯುವುದಕ್ಕಲ್ಲ. ತಿಂಗಳುಗಟ್ಟಲೆ ನಿಲ್ಲಿಸುವವರು ದ್ವೈತಿಗಳಾಗಿ ಮರೆವನ್ನು ಒಪ್ಪಿಕೊಳ್ಳಬೇಕು, ಇಲ್ಲವೇ ಸಣ್ಣ ಚಾರ್ಜರ್ ಹಾಕಿಡಬೇಕು. ಚಾರ್ಜರಿಗೆ ಮನೆಯ ಕರೆಂಟು ಇರಬೇಕೆಂಬುದು ಪ್ರತ್ಯೇಕ ಸಂಶೋಧನೆಯ ವಿಷಯ.

ವಿಧಿನಿಷೇಧಗಳಲ್ಲಿ ತಮಾಷೆಗೆ ಎಡೆಯಿಲ್ಲ. ಎಂಜಿನ್ ಓಡುತ್ತಿರುವಾಗ ಸ್ವಿಚ್ಚು ಮುಟ್ಟಕೂಡದು. ಬ್ಯಾಟರಿ ತಪ್ಪಿದೊಡನೆ ಆಲ್ಟರ್ನೇಟರಿನ ವೋಲ್ಟೇಜು ಒಮ್ಮೆಲೇ ನೆಗೆದು ಕಂಪ್ಯೂಟರನ್ನು ನಿಜವಾಗಿಯೇ ಸುಡಬಹುದು. ಕೀ ತೆಗೆದ ಮೇಲೂ ಕೆಲವು ನಿಮಿಷ ಬಿಡಬೇಕು, ಅದು ತನ್ನ ಲೆಕ್ಕಪತ್ರ ಬರೆದಿಟ್ಟುಕೊಳ್ಳಲಿ. ವಿಶಿಷ್ಟಾದ್ವೈತಿಗಳು ಇನ್ನೊಂದು ಗಂಡಾಂತರ ಗಮನಿಸಬೇಕು: ಭಾವಮೈದ. ಸ್ವಿಚ್ಚಿನ ವಿಷಯ ಗೊತ್ತಿಲ್ಲದೆ ಕೀ ತಿರುಗಿಸಿದರೆ ಸ್ಟಾರ್ಟರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಲು ಹೋಗಿ, ಫ್ಯೂಸು ಟಪ್ಪೆಂದು ಹೋಗಿ, ಯಾವ ನೆನಪಿಗಾಗಿ ಇಷ್ಟೆಲ್ಲ ಮಾಡಿದೆವೋ ಅದೂ ಹೋಗುತ್ತದೆ.

ಕೊನೆಯ ಪ್ರಮೇಯ ಗಡಿಯಾರದ್ದು. ಪೂರ್ಣ ವಿಚ್ಛೇದದ ನಂತರ ಎಷ್ಟೋ ಗಾಡಿಗಳಲ್ಲಿ ಅದು 12ರಿಂದ ಹೊಸ ಶಕೆ ಆರಂಭಿಸುತ್ತದೆ. ಕಾಕನಕೋಟೆಯ ಕಾಡಿನಲ್ಲಿ ಹಾಯುವ ಮೈಸೂರು–ಮಾನಂದವಾಡಿ ರಸ್ತೆ ಸಂಜೆ 6ರಿಂದ ಬೆಳಗಿನ 6ರವರೆಗೆ ಬಂದ್. ಡ್ಯಾಷ್‌ಬೋರ್ಡಿನ ಪ್ರಕಾರ ಇನ್ನೂ ಮಟಮಟ ಮಧ್ಯಾಹ್ನ ಎಂಬ ವಾದವನ್ನು ಗೇಟಿನ ಮುಂದೆ ಎಷ್ಟೇ ಪ್ರಮಾಣಬದ್ಧವಾಗಿ ಮಂಡಿಸಿದರೂ, ಅರಣ್ಯ ರಕ್ಷಕರು ತಮ್ಮ ಕೈಗಡಿಯಾರವನ್ನೇ ಪ್ರಮಾಣವಾಗಿ ಸ್ವೀಕರಿಸುತ್ತಾರೆ.