ಸಾವಿರ ರೂಪಾಯಿಯ ಮೇಷ್ಟ್ರು

ಬೆಂಗಳೂರಿನ ಸುದ್ದಗುಂಟೆಪಾಳ್ಯದ ಪಿ.ಜಿ. ಬೋರ್ಡುಗಳು ಊಟ, ಬಿಸಿನೀರು, ವೈಫೈ ಎಂದು ಮೂರೇ ಮಾತಿನಲ್ಲಿ ವಿದ್ಯಾರ್ಥಿ ಜೀವನವನ್ನು ಮುಗಿಸಿಬಿಡುತ್ತವೆ. ಮೂರನೆಯದು ಸರಿಯಾಗಿದ್ದರೆ ಐಐಟಿಯೇ ಮಂಚದ ಮೇಲೆ ಬಂದು ಕೂರುತ್ತದೆ. ಅಂದಿನ ಏಳು ಐಐಟಿಗಳೂ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಆನ್‌ಲೈನ್ ಪಾಠಗಳ ಯೋಜನೆ ಎನ್‌ಪಿಟಿಇಎಲ್, 2017ರಲ್ಲಿ ಬಂದ ಕೇಂದ್ರ ಸರ್ಕಾರದ ಕೋರ್ಸು ತಾಣ ಸ್ವಯಂ, ಎರಡರಲ್ಲೂ ಪಾಠ ಪುಕ್ಕಟೆ. ಬಿಟ್ಟಿ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಜನ ನಾವು. ಹೆಸರು ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದಿಲ್ಲ. ಸೋಮವಾರ ಪೈಥಾನ್, ಮಂಗಳವಾರ ಮನಶ್ಶಾಸ್ತ್ರ. ಹೆಸರು ಕೊಟ್ಟ ಕೂಡಲೇ ಅರ್ಧ ಪಂಡಿತರಾದಂತೆ ಅನ್ನಿಸುತ್ತದೆ. ಉಳಿದರ್ಧಕ್ಕೆ ಪಾಠ ಕೇಳಬೇಕು, ತೊಡಕಿರುವುದು ಅಲ್ಲೇ.

ಈ ತೊಡಕಿಗೆ ಪಾಳ್ಯವನ್ನಷ್ಟೇ ದೂರಬೇಕಿಲ್ಲ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನ ಕೃತಕ ಬುದ್ಧಿಮತ್ತೆಯ ಕೋರ್ಸಿಗೆ ಸೇರಿದವರು ಸುಮಾರು 1,60,000. ಮುಗಿಸಿದವರು 23,000ದ ಆಸುಪಾಸು. ಹಾರ್ವರ್ಡ್ ಮತ್ತು ಎಂಐಟಿಯ ಎಡ್‌ಎಕ್ಸ್ ಕೋರ್ಸುಗಳ ಲೆಕ್ಕ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು: 2017-18ರಲ್ಲಿ ಕೊನೆ ಮುಟ್ಟಿದವರು ನೂರಕ್ಕೆ ಮೂವರು, ಪ್ರಮಾಣಪತ್ರಕ್ಕೆಂದು ದುಡ್ಡು ಕಟ್ಟಿದವರಲ್ಲಿ 46 ಮಂದಿ. ಪಾಠ ಇಬ್ಬರಿಗೂ ಅದೇ. ದುಡ್ಡು ಕಟ್ಟುವವರು ಮೊದಲೇ ಛಲಗಾರರು ಎನ್ನಬಹುದು, ಒಪ್ಪಿದೆ. ಆದರೆ ಛಲಕ್ಕೂ ಒಂದು ತಾರೀಖು ಬೇಕು. ಎನ್‌ಪಿಟಿಇಎಲ್‌ಗೆ ಇದು ಗೊತ್ತು: ಪಾಠ ಬಿಟ್ಟಿ, ಪರೀಕ್ಷೆಗೆ ಸಾವಿರ ರೂಪಾಯಿ. ಆ ಸಾವಿರವೇ ಇಡೀ ಕೋರ್ಸಿನ ಕಟ್ಟುನಿಟ್ಟಿನ ಮೇಷ್ಟ್ರು. ವಾರದ ಅಸೈನ್‌ಮೆಂಟಿಗೆ 25 ಅಂಕ, ಗಡುವಿನ ರಾತ್ರಿ ಉತ್ತರಗಳು ಟೆಲಿಗ್ರಾಂನಲ್ಲಿ ಪಾಠಕ್ಕಿಂತ ಜೋರಾಗಿ ಓಡಾಡುತ್ತವೆ. ಉಳಿದ 75 ಪರೀಕ್ಷಾ ಕೇಂದ್ರದಲ್ಲಿ ಕುರ್ಚಿ ಹಾಕಿಕೊಂಡು ಕಾದಿರುತ್ತವೆ.

ಮುಗಿಸಲೇಬೇಕೆಂಬ ಹಟ ಏಕೆ, ಲೈಬ್ರರಿಯಲ್ಲಿ ಪುಸ್ತಕ ತಂದವರನ್ನು ಕೊನೆಯ ಪುಟ ಓದಿದಿರಾ ಎಂದು ಯಾರಾದರೂ ಕೇಳುತ್ತಾರೆಯೇ ಎನ್ನುವವರಿದ್ದಾರೆ. ಫೂರಿಯೆ ಸರಣಿಯ ಒಂದೇ ಪಾಠ ನೋಡಿ ಸೆಮಿಸ್ಟರ್ ದಾಟಿದವನನ್ನು ಅರ್ಧಕ್ಕೆ ಬಿಟ್ಟವರ ಪಟ್ಟಿಗೆ ಸೇರಿಸುವುದು ಅನ್ಯಾಯವೇ ಸರಿ. ಆದರೆ ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕವೇ ಕ್ರೆಡಿಟ್ ಪಡೆಯಬಹುದೆಂದು 2021ರಲ್ಲಿ ಯುಜಿಸಿ ಹೇಳಿದ ಮೇಲೆ ಇದು ಬರಿಯ ಲೈಬ್ರರಿಯಾಗಿ ಉಳಿದಿಲ್ಲ, ಡಿಗ್ರಿಯ ಲೆಕ್ಕಕ್ಕೇ ಬಂದಿದೆ. ಮುಗಿಸಲು ಆಸರೆಯೂ ಬೇಕಲ್ಲ: ಕನ್ನಡ ಮಾಧ್ಯಮದಿಂದ ಬಂದವಳಿಗೆ ಕೆಲವು ಕೋರ್ಸುಗಳ ಪಠ್ಯ ಕನ್ನಡದಲ್ಲೂ ಸಿಗುತ್ತದೆ. ಆದರೆ ಸಂಶಯ ಬಂದಾಗ “ಇದೇನೇ ಇದು?” ಎಂದು ಕೇಳಲು ಪಕ್ಕದ ಮಂಚದವಳೇ ಗತಿ. ಎನ್‌ಪಿಟಿಇಎಲ್ ಕಾಲೇಜುಗಳಲ್ಲಿ ಸ್ಥಳೀಯ ಘಟಕ ತೆರೆದಿರುವುದೂ ಹೀಗೆ ಕೇಳಲು, ನೆನಪಿಸಲು ಹತ್ತಿರದಲ್ಲೊಬ್ಬರು ಇರಲೆಂದೇ. ಪಾಠ ಮೋಡದಿಂದ ಇಳಿಯಲಿ, ಗದರುವವರು ಮಾತ್ರ ನೆಲದ ಮೇಲೇ ಬೇಕು. ಆದ್ದರಿಂದ ಪಾಳ್ಯದ ಪಿ.ಜಿ. ಮಾಲೀಕರಲ್ಲಿ ಒಂದು ಅರಿಕೆ: ಅಸೈನ್‌ಮೆಂಟ್ ಗಡುವಿನ ರಾತ್ರಿ ಊಟದ ಹಾಲ್‌ನ ಲೈಟನ್ನು ಹನ್ನೊಂದಕ್ಕೇ ಆರಿಸಬೇಡಿ, ನಾಲ್ಕು ಜನ ಒಟ್ಟಿಗೆ ಕೂತು ಬರೆದುಕೊಳ್ಳಲಿ.